ಪೆನ್‌ಡ್ರೈವಿನ ಜೊತೆಗೆ ಬಂದ ಅತಿಥಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆಯ ಹೊತ್ತು ಅಡ್ಡಾಡಿದವರಿಗೆ ಅಲ್ಲಿಯ ಝೆರಾಕ್ಸ್ ಅಂಗಡಿಗಳ ಸಂದಣಿ ಹೊಸದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗೆಂದು ಉತ್ತರ ಕರ್ನಾಟಕದ ಮೂಲೆಮೂಲೆಗಳಿಂದ ಬಂದು ನೆಲಸಿದ ತರುಣ ತರುಣಿಯರು ಅರ್ಜಿ, ಪ್ರವೇಶಪತ್ರ, ಟಿಪ್ಪಣಿಗಳ ಮುದ್ರಣಕ್ಕಾಗಿ ಅಲ್ಲಿ ಕಾದು ನಿಲ್ಲುತ್ತಾರೆ. ವಾಟ್ಸಾಪಿನಲ್ಲಿ ಕಳುಹಿಸಿ ಮುದ್ರಿಸಿಕೊಳ್ಳುವ ರೂಢಿ ಬಂದಿದ್ದರೂ ಪೆನ್‌ಡ್ರೈವಿನ ಕಾಲ ಇನ್ನೂ ಮುಗಿದಿಲ್ಲ. ಅಂಗಡಿಯವನು ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಬೇಕಾದ ಹಾಳೆ ಮುದ್ರಿಸಿ, ಕಿತ್ತು ಕೊಡುತ್ತಾನೆ. ಹಿಂದಿನವನ ಪೆನ್‌ಡ್ರೈವು ಅಲ್ಲಿ ಏನನ್ನು ಬಿಟ್ಟುಹೋಯಿತು, ಮುಂದಿನವನದು ಏನನ್ನು ಹೊತ್ತು ಹೊರಟಿತು ಎಂಬುದು ಅಂಗಡಿಯವನಿಗೂ ತಿಳಿಯದು, ಗಿರಾಕಿಗೂ ತಿಳಿಯದು.

ಮನೆಗೆ ಬಂದು ತೆರೆದರೆ ಫೋಲ್ಡರುಗಳೆಲ್ಲ ಇದ್ದಲ್ಲಿಯೇ ಇರುವಂತೆ ತೋರುತ್ತವೆ. ಆದರೆ ಪ್ರತಿಯೊಂದರ ಮೂಲೆಯಲ್ಲಿ ಬಾಗಿದ ಒಂದು ಚಿಕ್ಕ ಬಾಣದ ಗುರುತು ಕಂಡೀತು. ಅದು ಫೋಲ್ಡರಲ್ಲ, ಫೋಲ್ಡರಿನ ವೇಷ. ಮಾಲ್‌ವೇರ್ ಎಂದು ಕರೆಯಲ್ಪಡುವ ಕುತಂತ್ರಾಂಶವು ನಿಜವಾದ ಫೋಲ್ಡರನ್ನು ಮರೆಮಾಡಿ, ಅದರ ಹೆಸರಿನಲ್ಲಿಯೇ ಒಂದು ಶಾರ್ಟ್‌ಕಟ್ಟನ್ನು ನಿಲ್ಲಿಸಿರುತ್ತದೆ. ಒತ್ತಿದೊಡನೆ ಕುತಂತ್ರಾಂಶ ತನ್ನ ಕೆಲಸ ಆರಂಭಿಸುತ್ತದೆ. ಜೊತೆಗೆ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಬೇಕಾದದ್ದು ಸಿಕ್ಕಿತಾದ್ದರಿಂದ ಒತ್ತಿದವನಿಗೆ ಸಂಶಯಕ್ಕೆ ಕಾರಣವೇ ಉಳಿಯುವುದಿಲ್ಲ. ಕಳ್ಳನು ಬಾಗಿಲು ಮುರಿಯಲಿಲ್ಲ. ಮನೆಯವರೇ ಅಗುಳಿ ತೆಗೆದು ಒಳಗೆ ಕರೆದುಕೊಂಡರು.

ಇದು ಹುಡುಗರ ಚೇಷ್ಟೆಯ ಮಟ್ಟಕ್ಕೆ ಮುಗಿದ ವಿದ್ಯೆಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶವು ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನು ಕೆಡಿಸಲು ಹೊರಟಾಗಲೂ ಪೆನ್‌ಡ್ರೈವಿನ ಹೆಗಲನ್ನೇ ಏರಿತ್ತು. ಆಗ ಅತಿ ಹೆಚ್ಚು ಸೋಂಕು ಕಂಡ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾಗಳ ಹಿಂದೆಯೇ ಭಾರತದ ಹೆಸರಿತ್ತು.

“ನಮ್ಮ ಮನ್ಯಾಗ ಏನೈತ್ರಿ ಕದಿಯಾಕ?” ಎಂದು ಕೇಳುವ ಯಜಮಾನರು ಹುಬ್ಬಳ್ಳಿ-ಧಾರವಾಡಗಳಲ್ಲಿ ಕಡಿಮೆಯಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಬ್ಯಾಂಕಿನ ಗುಪ್ತಪದವೊಂದು ಹೇಗೂ ಇರುತ್ತದೆ. ಅದೂ ಇಲ್ಲವೆಂದರೆ, ಮನೆಯ ಕಂಪ್ಯೂಟರನ್ನು ಒಡೆಯನಿಗೆ ತಿಳಿಯದಂತೆ ಜೀತಕ್ಕಿಟ್ಟುಕೊಂಡು ಇತರರ ಮೇಲೆ ದಾಳಿ ಮಾಡಿಸುವವರಿದ್ದಾರೆ. ಆದರೆ ರ‍್ಯಾನ್ಸಮ್‌ವೇರ್ ಎಂಬ ಜಾತಿಯದು ಕದಿಯಲೇಬೇಕೆಂದಿಲ್ಲ. ಮನೆಯ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಕೈಗೆ ಹಣ ಕೇಳುತ್ತದೆ. ಪರರಿಗೆ ಅದರಲ್ಲಿ ಬೆಲೆಯಿರಬೇಕಾದ್ದಿಲ್ಲ. ತಮಗೆ ಇದ್ದರೆ ಸಾಕು.

ಮಾಳಮಡ್ಡಿಯಲ್ಲಿ ಹೀಗೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನ ಓದಿಗೆಂದು ಕೊಂಡ ಕಂಪ್ಯೂಟರು. ಅದರಲ್ಲಿ ಅವನ ಅಂಕಪಟ್ಟಿಗಳ ಪ್ರತಿ, ನಿವೃತ್ತ ತಂದೆಯವರು ಬೆರಳಚ್ಚು ಮಾಡಿದ ಮನೆತನದ ವಂಶಾವಳಿ, ತೀರಿಕೊಂಡ ಅಜ್ಜಿಯ ಕೊನೆಯ ಯುಗಾದಿಯ ಛಾಯಾಚಿತ್ರಗಳು. ಒಂದು ಬೆಳಿಗ್ಗೆ ಎಲ್ಲ ಕಡತಗಳ ಹೆಸರಿನ ಕೊನೆಗೂ ಅರ್ಥವಾಗದ ನಾಲ್ಕಕ್ಷರ ಅಂಟಿಕೊಂಡಿದೆ. ಒಂದೂ ತೆರೆಯದು.

ಈ ಪೀಡೆ ಮನೆಗಳಿಗೆ ಬರುವ ದಾರಿಗಳಲ್ಲಿ ಮುಖ್ಯವಾದುದೊಂದನ್ನು ಹೇಳಲು ತುಸು ಸಂಕೋಚವಾಗುತ್ತದೆ. ಏಕೆಂದರೆ ಅದು ಬಿಟ್ಟಿ ಸರಕಿನ ಆಸೆ. ಹಣ ಕೊಡದೆ ತಂತ್ರಾಂಶ ಓಡಿಸಲು ಜಾಲದಿಂದ ಇಳಿಸಿಕೊಳ್ಳುವ ‘ಕ್ರ್ಯಾಕ್’ಗಳ ಹೊಟ್ಟೆಯಲ್ಲಿಯೇ ಇಂಥವು ಅಡಗಿ ಬರುವುದುಂಟು. ವಿಚಿತ್ರವೆಂದರೆ, ಐ.ಬಿ.ಎಂ. ಪಿ.ಸಿ.ಗಳ ಮೊದಲ ವೈರಸ್ಸೆಂದು ಹೆಸರಾದ ‘ಬ್ರೈನ್’ ಹುಟ್ಟಿದ್ದೂ ಕಳ್ಳಪ್ರತಿಗಳ ಮೇಲಿನ ಕೋಪದಿಂದಲೇ. 1986ರಲ್ಲಿ ಲಾಹೋರಿನ ಕಂಪ್ಯೂಟರ್ ಅಂಗಡಿಯ ಸೋದರರಿಬ್ಬರು, ತಮ್ಮ ತಂತ್ರಾಂಶವನ್ನು ನಕಲು ಮಾಡುವವರಿಗೆ ಪಾಠ ಕಲಿಸಲೆಂದು ಅದನ್ನು ಬರೆದು, ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಅದರಲ್ಲಿಯೇ ಇಟ್ಟಿದ್ದರು. ಇಂದಿನ ಕಳ್ಳರಲ್ಲಿ ಆ ಮರ್ಯಾದೆ ಉಳಿದಿಲ್ಲ. ಕೆಲವೇ ವರ್ಷಗಳಲ್ಲಿ, 1990ರ ದಶಕದಲ್ಲಿ, ಪುಣೆಯ ಕಾಟ್ಕರ್ ಸೋದರರು ತಮ್ಮ ರಿಪೇರಿ ಅಂಗಡಿಗೆ ಬರುತ್ತಿದ್ದ ರೋಗಿಷ್ಠ ಕಂಪ್ಯೂಟರುಗಳನ್ನು ಕಂಡು ಅವಕ್ಕೆ ಔಷಧ ಬರೆಯತೊಡಗಿದರು. ‘ಕ್ವಿಕ್ ಹೀಲ್’ ಬಂದದ್ದು ಹಾಗೆ.

ಔಷಧದ ಮಿತಿಯನ್ನು ಹುಬ್ಬಳ್ಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. 1898ರಲ್ಲಿ ಪ್ಲೇಗು ಆ ಊರನ್ನು ಹೊಕ್ಕಾಗ ಸಾವಿರಾರು ಜನರು ಹಾಫ್‌ಕಿನ್ನರ ಲಸಿಕೆ ಹಾಕಿಸಿಕೊಂಡರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಜ್ವರ ಬಂದ ಮೇಲೆ ಲಸಿಕೆ ಕೇಳಿದವರಿಗೆ ಪ್ರಯೋಜನವಾಗಲಾರದು. ಕಂಪ್ಯೂಟರಿನ ಲಸಿಕೆಗೆ ‘ಅಪ್‌ಡೇಟ್’ ಎಂದು ಹೆಸರು. 2017ರ ಮೇ 12ರಂದು ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಗಳನ್ನೂ ನಿಲ್ಲಿಸಿತಷ್ಟೆ. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ‘ನಾಳೆ ನೋಡೋಣ’ ಎಂದವರ ಯಂತ್ರಗಳೇ ಹೆಚ್ಚಾಗಿ ಬಲಿಯಾದವು. ವಿಂಡೋಸ್ 10ಕ್ಕೆ ಈ ಲಸಿಕೆಯ ಸಾಮಾನ್ಯ ಸರಬರಾಜು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಅನೇಕ ಮನೆಗಳು ಇನ್ನೂ ಗಮನಿಸಿಲ್ಲ.

ಮನೆಯಲ್ಲಿ ಮಾಡಬೇಕಾದುದು ಬಹಳವಿಲ್ಲ. ವಿಂಡೋಸಿನೊಡನೆಯೇ ಬರುವ ಡಿಫೆಂಡರ್ ಎಂಬ ಕಾವಲುಗಾರನನ್ನು ಚಾಲೂ ಇಟ್ಟು, ಹೊರಗೆ ಹೋಗಿ ಬಂದ ಪೆನ್‌ಡ್ರೈವನ್ನು ತೆರೆಯುವ ಮೊದಲು ಅವನಿಂದ ತಪಾಸಣೆ ಮಾಡಿಸಬೇಕು. ಝೆರಾಕ್ಸ್ ಅಂಗಡಿಗೆ ಒಯ್ಯಲು ಬೇರೆಯೇ ಒಂದು ಪೆನ್‌ಡ್ರೈವಿದ್ದು, ಅದರಲ್ಲಿ ಮುದ್ರಿಸಬೇಕಾದ ಹಾಳೆಯೊಂದೇ ಇದ್ದರೆ ಇನ್ನೂ ಲೇಸು. ಆದರೆ ಎಲ್ಲಕ್ಕಿಂತ ಮಿಗಿಲಾದ ಉಪಾಯ ಅತಿ ಹಳೆಯದು: ಇನ್ನೊಂದು ಪ್ರತಿ. ಹೊರಗಿನ ಒಂದು ಹಾರ್ಡ್‌ಡಿಸ್ಕಿಗೆ ತಿಂಗಳಿಗೊಮ್ಮೆ ಎಲ್ಲವನ್ನೂ ನಕಲಿಸಿ, ತಂತಿ ಕಿತ್ತು, ಕಪಾಟಿನಲ್ಲಿಡಬೇಕು. ಕೀಳುವುದನ್ನು ಮರೆಯಕೂಡದು, ಸಿಕ್ಕಿಸಿಯೇ ಬಿಟ್ಟರೆ ಮೂಲದೊಡನೆ ನಕಲಿಗೂ ಬೀಗ ಬೀಳುತ್ತದೆ. ಆ ಪ್ರತಿಯಿದ್ದ ಮನೆಯವರು ಹಣ ಕೇಳುವವನನ್ನು ಲೆಕ್ಕಿಸಬೇಕಾಗಿಲ್ಲ. ಹಣ ಕೊಟ್ಟರೂ ಕೀಲಿಕೈ ಬಂದೇ ತೀರುವುದೆಂಬ ಭರವಸೆಯೂ ಇಲ್ಲ.

ಮೊಬೈಲಿಗೆ ಬರುವ ಮದುವೆಯ ಕರೆಯೋಲೆಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕರೆಯೋಲೆಯ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಓಲೆಯಲ್ಲ, ಫೋನಿನೊಳಗೆ ಬೀಡುಬಿಡಲು ಬಂದ ಆ್ಯಪ್. ಬ್ಯಾಂಕಿನ ಓಟಿಪಿಗಳನ್ನು ಓದುವುದೇ ಅದರ ಹಸಿವು. ಹಣ ಹೋದುದು ತಿಳಿದ ಕ್ಷಣದಲ್ಲಿಯೇ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣವು ಹತ್ತು ಖಾತೆಗಳನ್ನು ದಾಟಿರುತ್ತದೆ.

ಮಾಳಮಡ್ಡಿಯ ಆ ಮನೆಯಲ್ಲಿ ಕಪಾಟಿನ ಪ್ರತಿ ಇರಲಿಲ್ಲ. ಅಂಕಪಟ್ಟಿಗಳ ಮೂಲಗಳು ಟ್ರಂಕಿನಲ್ಲಿದ್ದವು, ಮತ್ತೆ ನಕಲಿಸಿಕೊಂಡರಾಯಿತು. ವಂಶಾವಳಿಯನ್ನು ತಂದೆಯವರು ಮೊದಲಿನಿಂದ ಬರೆಯತೊಡಗಿದರು. ಅಜ್ಜಿಯ ಚಿತ್ರಗಳಲ್ಲಿ ಒಂದು ಮಾತ್ರ ಬೆಳಗಾವಿಯ ಸೋದರತ್ತೆಯ ಫೋನಿನಲ್ಲಿ ಸಿಕ್ಕಿತು. ವಾಟ್ಸಾಪಿನಲ್ಲಿ ಎಂದೋ ಕಳುಹಿಸಿದ್ದು. ದೊಡ್ಡದು ಮಾಡಿದರೆ ಮುಖ ಮಸುಕಾಗುತ್ತದೆ. ಅದನ್ನೇ ಚಿಕ್ಕದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ದೇವರ ಕೋಣೆಯ ಪಕ್ಕದ ಗೋಡೆಗೆ ತೂಗುಹಾಕಿದ್ದಾರೆ.