ನಂದಿಯ ದ್ರಾಕ್ಷಿ, ನಮ್ಮ ಗೇರುಹಣ್ಣು

ಅಗಲ್ಪಾಡಿಯ ಗುಡ್ಡಗಳಲ್ಲಿ ಪ್ರತಿ ಬೇಸಗೆಯಲ್ಲೂ ಗೇರುಬೀಜವನ್ನು ತಿರುಚಿ ತೆಗೆದು, ಹಣ್ಣನ್ನು ಮರದ ಬುಡದಲ್ಲೇ ಬಿಡುತ್ತೇವೆ. ಬೀಜಕ್ಕಿಂತ ಹಲವು ಪಾಲು ಹೆಚ್ಚು ತೂಗುವ ಹಣ್ಣು ಅಲ್ಲೇ ಕೊಳೆಯುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ನಂದಿಬೆಟ್ಟದ ತಪ್ಪಲಿನ ಒಂದು ಕುಟುಂಬದ ಸಾಹಸ ನೆನಪಾಗುತ್ತದೆ.

ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಕನ್ವಲ್ ಗ್ರೋವರ್ ಅವರ ಕುಟುಂಬವು ವೈನಿಗೆಂದೇ ದ್ರಾಕ್ಷಿತೋಟ ಆರಂಭಿಸಿತು. ಸುತ್ತಲಿನ ರೈತರು ಬೆಳೆಯುತ್ತಿದ್ದ ಬೆಂಗಳೂರು ನೀಲಿ ತಿನ್ನಲು ಸರಿ, ಒಳ್ಳೆಯ ವೈನಿಗೆ ಸಾಲದು. ಆದ್ದರಿಂದ ಫ್ರಾನ್ಸಿನ ತಳಿಗಳನ್ನು ತರಿಸಿ, ಈ ಮಣ್ಣಿಗೆ ಒಗ್ಗುವವನ್ನು ಆರಿಸಿಕೊಂಡರು. ವೈನು ಮಾರುಕಟ್ಟೆಗೆ ಬಂದುದು 1992ರ ಹೊತ್ತಿಗೆ. ಕರ್ನಾಟಕ ಸರಕಾರದ ದ್ರಾಕ್ಷಾರಸ ನೀತಿ ಬಂದುದಾದರೋ 2007ರಲ್ಲಿ! 2012ರಲ್ಲಿ ನಾಸಿಕದ ಸಂಸ್ಥೆಯೊಂದರೊಡನೆ ಸೇರಿ ಅದು ಗ್ರೋವರ್ ಝಂಪಾ ಆಯಿತು. ಮನೆಯ ತೋಟವೆಂಬ ಮಾತು ಅಲ್ಲಿಗೆ ಹಳತಾಯಿತು.

ನಮ್ಮ ಮಳೆಗೆ ಆ ದ್ರಾಕ್ಷಿ ಒಗ್ಗದು. ಆದರೆ ಗೇರುಹಣ್ಣಿನ ರಸದ ಒಗರನ್ನು ಸಾಬಕ್ಕಿ ಗಂಜಿಯಿಂದ ತೆಗೆದು ಹುದುಗಿಸಬಹುದು. ಕುಡಿತವನ್ನು ಹೊಗಳುವ ಉದ್ದೇಶ ನನ್ನದಲ್ಲ; ಕೊಳೆಯುವ ಬೆಳೆಗೆ ಬೆಲೆ ಬರಲಿ ಎಂಬುದಷ್ಟೆ. ಹಣ್ಣಿನ ವೈನು ತಯಾರಿಸುವ ಸಣ್ಣ ಘಟಕಗಳಿಗೆ ಕೇರಳ ಸರಕಾರ 2022ರಲ್ಲಿ ನಿಯಮ ರೂಪಿಸಿದೆ. ಪರವಾನಿಗೆಯಿಲ್ಲದೆ ಮಾಡಿದರೆ ಅಪರಾಧ. ಹೀಗಿರುವಾಗ ನಿಯಮ ಗೇರುಮರದ ಒಡೆಯನಿಗೆ ತಿಳಿಯುವ ಭಾಷೆಯಲ್ಲಿರಬೇಡವೇ? ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ರಾಜ್ಯಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ನಿಯಮದ ಕನ್ನಡ ಪ್ರತಿಯೂ ಕನ್ನಡ ಅರ್ಜಿಯೂ ನಮ್ಮ ಕೃಷಿಭವನಗಳಲ್ಲಿ ಸಿಗಬೇಕು, ಅದೂ ಮುಂದಿನ ಗೇರುಹೂ ಬಿಡುವ ಮುನ್ನ.