ಕಾಗದದ ಹೂವಿಗೆ ಎಷ್ಟು ಡೋಸ್?

ಅಲ್ ಬರ್ಷಾ ಸೌತ್‌ನ ಮಿರಾಕಲ್ ಗಾರ್ಡನ್ ಬೇಸಿಗೆ ಬಂತೆಂದರೆ ಬಾಗಿಲು ಹಾಕುತ್ತದೆ. ಅಲ್ಲಿನ ಪೆಟೂನಿಯಾಗಳು ಇಲ್ಲಿನ ಸೆಕೆ ತಡೆಯುವುದಿಲ್ಲ. ಆದರೆ ಅದೇ ಅಲ್ ಬರ್ಷಾದ ವಿಲ್ಲಾಗಳ ಗೋಡೆ ಹತ್ತಿದ ಬೋಗನ್‌ವಿಲ್ಲಾಕ್ಕೆ ಆ ಬಿಸಿಲಿನ ಭಯವಿಲ್ಲ. ಊರಲ್ಲಿ ನಾವು ಕಾಗದದ ಹೂವು ಎನ್ನುವುದು ಇದನ್ನೇ. ಇಷ್ಟು ಗಟ್ಟಿ ಗಿಡವನ್ನು ಸತ್ವಾದ ನರ್ಸರಿಯಿಂದ ಮೈತುಂಬ ಹೂವಿನೊಂದಿಗೆ ತಂದು ಫ್ಲಾಟಿನೊಳಗೆ ಇಟ್ಟರೆ, ಹದಿನೈದು ದಿನಗಳಲ್ಲೇ ಬೋಳಾಗುವುದೇಕೆ?

ಫಾರ್ಮಸಿಯ ಭಾಷೆಯಲ್ಲಿ ಹೇಳುವುದಾದರೆ ಡೋಸ್ ತಪ್ಪಿದೆ. ಬಿಸಿಲು ಕಡಿಮೆಯಾಗಿದೆ, ನೀರು ಹೆಚ್ಚಾಗಿದೆ.

ಮೊದಲು ಬಿಸಿಲಿನ ಲೆಕ್ಕ. ಈ ಗಿಡಕ್ಕೆ ದಿನಕ್ಕೆ ಕನಿಷ್ಠ 5-6 ಗಂಟೆ ನೇರ ಬಿಸಿಲು ಬೇಕು. ಕೋಣೆಯ ಬೆಳಕು ನಮ್ಮ ಕಣ್ಣಿಗೆ ಸಾಕು, ಅದಕ್ಕೆ ಸಾಲದು. ಇಲ್ಲಿನ ಕಟ್ಟಡಗಳ ಬಣ್ಣದ ಗಾಜು ಇದ್ದ ಬೆಳಕನ್ನೂ ಕಡಿಮೆ ಮಾಡುತ್ತದೆ. ರಜೆಯ ದಿನ ಕಿಟಕಿಗೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂದು ನೋಡಿಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಕಿಟಕಿ ಉತ್ತಮ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಅದೇ ಕಿಟಕಿಗೆ ನೇರ ಬಿಸಿಲು ಬೀಳುವುದು ಅಪರೂಪ, ಪೂರ್ವ ಅಥವಾ ಪಶ್ಚಿಮದ ಕಿಟಕಿಯೇ ವಾಸಿ. ಬಾಲ್ಕನಿ ಇದ್ದರೆ ಕುಂಡವನ್ನು ಅಲ್ಲೇ ಇಡಿ. ಆದರೆ ನೆಲದ ಮೇಲೆ, ಕಟಕಟೆಯ ಮೇಲಲ್ಲ. ಎರಡೂ ಇಲ್ಲದ ಬೆಡ್ ಸ್ಪೇಸ್‌ನವರಿಗೆ ನೇರವಾಗಿ ಹೇಳುತ್ತೇನೆ, ಬೋಗನ್‌ವಿಲ್ಲಾಕ್ಕೆ ಹಣ ಹಾಕಬೇಡಿ. ಮನಿ ಪ್ಲಾಂಟ್ ತನ್ನಿ, ನಿಮ್ಮ ಕೋಣೆಯಲ್ಲಿ ಅದು ಚೆನ್ನಾಗಿರುತ್ತದೆ.

ಇನ್ನು ನೀರು. ಊರಿನ ಕಾಂಪೌಂಡ್ ಗೋಡೆಯ ಗಿಡವನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಬರೀ ಹಸಿರು. ಮಳೆ ನಿಂತು ನೆಲ ಒಣಗಿದ ಮೇಲೆ, ಯಾರೂ ಒಂದು ಕೊಡ ನೀರು ಹಾಕದಿದ್ದರೂ, ಎಲೆ ಕಾಣದಷ್ಟು ಹೂವು. ಕುಂಡದಲ್ಲೂ ಇದೇ ನಿಯಮ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಅದರಿಂದ ಬೇರು ಕೊಳೆಯುತ್ತದೆ, ಸೊಳ್ಳೆಗೂ ಜಾಗವಾಗುತ್ತದೆ. ಒಳಗಿನ ಗಿಡಕ್ಕೆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು, ಜುಲೈನ ಬಾಲ್ಕನಿಯಲ್ಲಿ ದಿನವೂ ಬೇಕಾಗಬಹುದು. ವಾರದ ಲೆಕ್ಕಕ್ಕಿಂತ ಬೆರಳಿನ ಲೆಕ್ಕವನ್ನೇ ನಂಬಿ. ಏಸಿಯ ಗಾಳಿ ನೇರವಾಗಿ ಬೀಸುವ ಕಡೆ ಮಾತ್ರ ಇಡಬೇಡಿ, ಎಲೆ ಉದುರುತ್ತದೆ.

ಗೊಬ್ಬರದ ಪೊಟ್ಟಣದ ಮೇಲೆ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಸಾರಜನಕ, ಅದು ಹೆಚ್ಚಾದರೆ ಎಲೆ ಮಾತ್ರ ಸೊಂಪಾಗುತ್ತದೆ. ಮೂರನೆಯದಾದ ಪೊಟ್ಯಾಷಿಯಂ ಹೆಚ್ಚಿರುವುದನ್ನು ಆರಿಸಿ, ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಹಾಕಬೇಡಿ. ಕುಂಡ ದೊಡ್ಡದಿರಬೇಕಿಲ್ಲ, ಬೇರಿಗೆ ಸ್ವಲ್ಪ ಇಕ್ಕಟ್ಟಾದರೇ ಹೂವು ಚೆನ್ನ. ಕುಂಡ ಬದಲಿಸುವಾಗ ಬೇರಿನ ಮಣ್ಣುಂಡೆ ಒಡೆಯದಂತೆ ನೋಡಿಕೊಳ್ಳಿ. ಬೀಚಿನ ಮರಳು ತಂದು ಬೆರೆಸಬೇಡಿ, ಅದರಲ್ಲಿ ಉಪ್ಪಿದೆ.

ನಾವು ಹೂವು ಎನ್ನುವ ಆ ಬಣ್ಣದ ಕಾಗದ ನಿಜವಾಗಿ ಎಲೆಯೇ. ನಡುವೆ ಇರುವ ಪುಟ್ಟ ಬಿಳಿ ಕೊಳವೆಗಳೇ ಹೂವು. ಅವು ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಒಂದು ಸುತ್ತು ಹೂವು ಮುಗಿದೊಡನೆ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ. ಕೈಗವಸು ಮರೆಯಬೇಡಿ. ಮುಳ್ಳು ಚುಚ್ಚಿದರೆ ಸೋಪು ನೀರಿನಿಂದ ತೊಳೆಯಿರಿ. ಆಳವಾಗಿ ಹೊಕ್ಕಿದ್ದರೆ, ಊತ ಬಂದರೆ ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಅವರಿಗೆ ತಿಳಿಸಿ.

ಈ ಗಿಡವೂ ಇಲ್ಲಿಗೆ ಹೊರಗಿನಿಂದಲೇ ಬಂದದ್ದು, ಮೂಲ ದಕ್ಷಿಣ ಅಮೆರಿಕ. 1767ರಲ್ಲಿ ರಿಯೋ ಡಿ ಜನೈರೊದಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಕಾಮರ್ಸನ್ ಇದನ್ನು ಸಂಗ್ರಹಿಸಿದಾಗ, ಗಂಡಸಿನ ವೇಷದಲ್ಲಿ ಅವನ ಸಹಾಯಕಳಾಗಿದ್ದವಳು ಜಾನ್ ಬಾರೆ. ಗಿಡಗಳ ಹೊರೆ ಹೊತ್ತು ದುಡಿದವಳು ಅವಳು. ಗಿಡಕ್ಕೆ ಬಂದದ್ದು ಯಾತ್ರೆಯ ನಾಯಕ ಬೋಗನ್‌ವಿಲ್ಲನ ಹೆಸರು. ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಎಂದು ಇಂದು ಜಗತ್ತು ಅವಳನ್ನು ಗುರುತಿಸುತ್ತದೆ.

ರಜೆಗೆ ಊರಿಗೆ ಹೋಗುವಾಗ ಗಿಡವನ್ನು ನೆರಳಿಗೆ ಸರಿಸಿ, ಪಕ್ಕದ ಮನೆಯವರಿಗೆ ಒಪ್ಪಿಸಿ, ಬೆರಳಿನ ಲೆಕ್ಕವನ್ನೂ ಹೇಳಿಕೊಡಿ. ವಾಪಸ್ ಬಂದಾಗ ಒಣಗಿ ನಿಂತಿದ್ದರೆ ಕೂಡಲೇ ಕಸಕ್ಕೆ ಹಾಕಬೇಡಿ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಒಣಗಿದ ತುದಿ ಕತ್ತರಿಸಿ ಬಿಸಿಲಿಗಿಡಿ.

ಹಗಲು ಗಿಡ್ಡವಾಗುವ ತಿಂಗಳುಗಳಲ್ಲಿ ಈ ಗಿಡಕ್ಕೆ ಹೂವು ಹೆಚ್ಚು. ಸೆಪ್ಟೆಂಬರ್ ಮೊದಲ ವಾರದೊಳಗೆ ಕತ್ತರಿಸಿದರೆ ನವೆಂಬರ್ ಹೊತ್ತಿಗೆ ಹೂವನ್ನು ನಿರೀಕ್ಷಿಸಬಹುದು. ಬೋಗನ್‌ವಿಲ್ಲಾ ಹಳದಿಯಲ್ಲೂ ಸಿಗುತ್ತದೆ, ಕೆಂಪಿನಲ್ಲೂ ಸಿಗುತ್ತದೆ. ಎರಡು ಕುಂಡ ಅಕ್ಕಪಕ್ಕ ಇಟ್ಟರೆ ರಾಜ್ಯೋತ್ಸವಕ್ಕೆ ಬಾಲ್ಕನಿಯಲ್ಲಿ ಬೇರೆ ಬಾವುಟ ಬೇಕಿಲ್ಲ.