ಪರದೇಶದಲ್ಲಿ ಕೆಮ್ಮಿದರೆ ಮಾತ್ರೆ ಪಾರ್ಸೆಲ್ ಬೇಡ, ಪರೀಕ್ಷೆ ಮಾಡಿಸಿ



ನಮ್ಮ ಮುಂಬಯಿಯ ಹೋಟೆಲುಗಳಲ್ಲಿ ಕೆಲಸ ಕಲಿತ ಎಷ್ಟೋ ಹುಡುಗರು ಇಂದು ದುಬೈ, ಮಸ್ಕತ್, ಕುವೈತ್, ಲಂಡನ್‌ಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತಿದ್ದಾರೆ. ಸಂತೋಷದ ವಿಷಯವೇ. ಅಲ್ಲಿಂದ ಅವರು ನಮಗೆ ಫೋನ್ ಮಾಡುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ತಮ್ಮನಿಗೆ ಕೆಲಸ ಕೊಡಿ ಎನ್ನಲು. ಇನ್ನೊಂದು, ಮಾತ್ರೆ ಕಳಿಸಿ ಎನ್ನಲು. ಈ ಎರಡನೆಯದರ ಬಗ್ಗೆ ನಾಲ್ಕು ಮಾತು ಬರೆಯೋಣ ಎನಿಸಿತು.

"ಅಣ್ಣಾ, ಮೂರು ವಾರದಿಂದ ಕೆಮ್ಮು. ಸಂಜೆಯಾದರೆ ಮೈ ಬಿಸಿ. ಬರುವವರು ಯಾರಾದರೂ ಇದ್ದರೆ ಸಿರಪ್ಪು, ಆಂಟಿಬಯಾಟಿಕ್ಕು ಕಳಿಸಿ" ಎನ್ನುತ್ತಾರೆ. ಅಲ್ಲೇ ಡಾಕ್ಟರಿಗೆ ತೋರಿಸು ಎಂದರೆ, "ಟಿಬಿ ಎಂದುಬಿಟ್ಟರೆ ವಾಪಸ್ ಕಳಿಸುತ್ತಾರೆ" ಎಂಬ ಉತ್ತರ. ನಾವು ಮಾತ್ರೆ ಕಳಿಸುವುದಿಲ್ಲ. ಇದಕ್ಕಾಗಿ ನಮ್ಮೊಡನೆ ಮಾತು ಬಿಟ್ಟವರೂ ಇದ್ದಾರೆ. ಬಿಡಲಿ.

ಉಪ್ಪಿನಕಾಯಿ ಬಾಟ್ಲಿಯ ಜೊತೆ ಔಷಧಿ ಕಟ್ಟಿ ಕಳಿಸುವ ಮಾಲಕರು ಒಂದು ವಿಷಯ ತಿಳಿಯಬೇಕು. ಲಿವೋಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಟಿಬಿ ಕ್ರಿಮಿಯನ್ನು ಸ್ವಲ್ಪ ದಿನ ಅದುಮಿ ಇಡುತ್ತದೆ, ಅದೊಂದರಿಂದಲೇ ಪೂರ್ತಿ ಕೊಲ್ಲಲು ಆಗುವುದಿಲ್ಲ. ಹುಡುಗನಿಗೆ ಗುಣವಾದ ಹಾಗೆ ಕಾಣುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ, ಕ್ರಿಮಿಯೂ ಮದ್ದಿಗೆ ಬಗ್ಗದಂತೆ ಗಟ್ಟಿಯಾಗಬಹುದು. ಇನ್ನು ಸಿರಪ್ಪು. ಕೊಡೀನ್ ಇರುವ ಕೆಮ್ಮಿನ ಔಷಧಿ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ವಸ್ತು. ಅನುಮತಿ ಇಲ್ಲದೆ ತೆಗೆದುಕೊಂಡು ಹೋದ ಪಾಪದವನು ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುತ್ತಾನೆ. ಉಪಕಾರ ಮಾಡಲು ಹೋಗಿ ಇಬ್ಬರಿಗೆ ಅಪಕಾರ.

"ಹೋಗುವಾಗಲೇ ಮೆಡಿಕಲ್ ಪಾಸಾಗಿದೆಯಲ್ಲ" ಎಂಬ ಇನ್ನೊಂದು ವಾದವಿದೆ. ಕೊಲ್ಲಿ ದೇಶಕ್ಕೆ ಹೋಗುವವರಿಗೆ ಇಲ್ಲಿಯೇ ಎದೆಯ ಎಕ್ಸ್‌ರೇ ಆಗುತ್ತದೆ, ಅಲ್ಲಿ ಇಳಿದ ಮೇಲೆ ಇನ್ನೊಮ್ಮೆ ಆಗುತ್ತದೆ. ಬ್ರಿಟನ್ನಿಗೆ 6 ತಿಂಗಳಿಗಿಂತ ಹೆಚ್ಚು ಇರಲು ಹೋಗುವ ನಮ್ಮವರು ಟಿಬಿ ಸರ್ಟಿಫಿಕೇಟ್ ಕೊಡಬೇಕು. ಆದರೆ ಎಕ್ಸ್‌ರೇ ತೋರಿಸುವುದು ಆ ದಿನದ ಶ್ವಾಸಕೋಶವನ್ನು ಮಾತ್ರ. ಕ್ರಿಮಿ ಮೈಯಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಊಟ ಸರಿಯಿಲ್ಲ, ನಿದ್ದೆಯಿಲ್ಲ, ಸಕ್ಕರೆ ಕಾಯಿಲೆ ಬೇರೆ ಸೇರಿತು ಎಂದಾಗ ಏಳುತ್ತದೆ. ಅದೂ ಎದೆಯಲ್ಲೇ ಏಳಬೇಕೆಂದಿಲ್ಲ. ಕುತ್ತಿಗೆಯಲ್ಲಿ ಗಡ್ಡೆಯಾಗಿಯೋ ಬೆನ್ನುಮೂಳೆಯಲ್ಲೋ ಬರಬಹುದು.

ಈಗ ವಾಪಸ್ ಕಳಿಸುವ ಭಯಕ್ಕೆ ಬರೋಣ. ಎಲ್ಲ ದೇಶಕ್ಕೂ ಒಂದೇ ನಿಯಮ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಹಾಗಿಲ್ಲ. ಬ್ರಿಟನ್ನಿನಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಧರ್ಮಾರ್ಥ. ವೀಸಾ ಯಾವುದು, ಕಾಗದ ಸರಿ ಇದೆಯೇ ಎಂದು ನೋಡಿ ದುಡ್ಡು ಕೇಳುವ ಕ್ರಮ ಇದಕ್ಕೆ ಇಲ್ಲ. ವೆಂಬ್ಲಿ ಇರುವ ಬ್ರೆಂಟ್, ಈಸ್ಟ್ ಹ್ಯಾಮ್ ಇರುವ ನ್ಯೂಹ್ಯಾಮ್, ಈ ಎರಡೂ ಲಂಡನ್ನಿನಲ್ಲಿ ಟಿಬಿ ಜಾಸ್ತಿ ಇರುವ ಭಾಗಗಳು. ದಕ್ಷಿಣ ಭಾರತದ ಹೋಟೆಲುಗಳು ಹೆಚ್ಚು ಇರುವುದೂ ಅಲ್ಲಿಯೇ. ಅಲ್ಲಿನ ಡಾಕ್ಟರರಿಗೆ ಇದು ಹೊಸ ರೋಗವಲ್ಲ, ನಾಚಿಕೊಳ್ಳುವ ಅಗತ್ಯವೂ ಇಲ್ಲ.

ಎಮಿರೇಟ್ಸ್‌ನಲ್ಲಿ 2016ರಲ್ಲಿ ನಿಯಮ ಬದಲಾಯಿತು. ಅಲ್ಲಿ ಇದ್ದವರು ವೀಸಾ ನವೀಕರಿಸುವಾಗ ಟಿಬಿ ಕಂಡುಬಂದರೆ, ಅಲ್ಲೇ ಚಿಕಿತ್ಸೆ ಪಡೆಯಬೇಕೆಂಬ ಷರತ್ತಿನ ಮೇಲೆ ಒಂದು ವರ್ಷದ ವೀಸಾ ಕೊಡುವ ವ್ಯವಸ್ಥೆ ಬಂತು. ಬೇರೆ ಕೊಲ್ಲಿ ದೇಶಗಳ ನಿಯಮ ಬೇರೆ. ಕೆಲವು ಕಡೆ ವಾಪಸ್ ಕಳಿಸುವುದೂ ಇದೆ. ಇದನ್ನು ಮುಚ್ಚಿಟ್ಟು ಹುಡುಗರಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ. ಆದರೂ ನಾವು ಪರೀಕ್ಷೆ ಮಾಡಿಸು ಎಂದೇ ಹೇಳುತ್ತೇವೆ. ಬೇಗ ಪತ್ತೆಯಾದ ಸಾಧಾರಣ ಟಿಬಿ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ವರ್ಷವಿಡೀ ಕೆಮ್ಮು ಮುಚ್ಚಿಟ್ಟರೆ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದೆ. ಆ ಕಲೆ ರೋಗ ವಾಸಿಯಾದರೂ ಎಕ್ಸ್‌ರೇಯಲ್ಲಿ ಕಾಣುತ್ತಲೇ ಇರುತ್ತದೆ, ಮುಂದಿನ ಮೆಡಿಕಲ್‌ನಲ್ಲಿ ಅಡ್ಡ ಬರುತ್ತದೆ. ಕೆಲಸ ಉಳಿಸಿಕೊಳ್ಳಲು ಅಡಗಿಸಿದ ಕೆಮ್ಮೇ ಕೆಲಸ ತಿನ್ನುತ್ತದೆ.

ಜೊತೆಗಿರುವವರ ಗತಿ? ಒಂದು ಕೋಣೆಯಲ್ಲಿ ಎಂಟು ಜನ, ಎ.ಸಿ. ಹಾಕಿ ಕಿಟಕಿ ಮುಚ್ಚಿ ಮಲಗುತ್ತಾರೆ. ಟಿಬಿ ಹರಡುವುದು ಹೀಗೆ, ಗಾಳಿಯಲ್ಲಿ. ತಟ್ಟೆ ಲೋಟದಿಂದ ಅಲ್ಲ, ಅವನು ಮಾಡಿದ ಸಾಂಬಾರಿನಿಂದಲೂ ಅಲ್ಲ. ನಮ್ಮ ಹೋಟೆಲಿನವರೇ ಕೆಮ್ಮುವವನ ತಟ್ಟೆ ಬೇರೆ ಇಟ್ಟು, ಮಲಗಲು ಮಾತ್ರ ಅದೇ ಗಾಳಿಯಿಲ್ಲದ ಮಾಳಿಗೆಗೆ ಕಳಿಸುವುದನ್ನು ಕಂಡಿದ್ದೇವೆ. ಸರಿಯಾದ ಔಷಧಿ ಶುರುವಾಗಿ ಎರಡು ವಾರ ಕಳೆದರೆ ಸಾಮಾನ್ಯವಾಗಿ ಹರಡುವ ಭಯ ಹೋಗುತ್ತದೆ. ಆಮೇಲೆ ಡಾಕ್ಟರು ಒಪ್ಪಿದರೆ ಅವನು ಕೆಲಸಕ್ಕೆ ಬರಬಹುದು.

ಚಿಕಿತ್ಸೆ ಅರ್ಧವಾಗಿರುವಾಗ ವಾಪಸ್ ಬರಬೇಕಾದರೆ ಎಕ್ಸ್‌ರೇ, ಕಫದ ರಿಪೋರ್ಟು, ಯಾವ ಮಾತ್ರೆ ಎಷ್ಟು ದಿನ ತಿಂದೆ ಎಂಬ ಚೀಟಿ, ಎಲ್ಲವನ್ನೂ ತರಲು ಹೇಳಿ. ಇಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಸಿಬಿನ್ಯಾಟ್ ಯಂತ್ರದಲ್ಲಿ ಕಫ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಫಲ ಗೊತ್ತಾಗುತ್ತದೆ. ಚಿಕಿತ್ಸೆಯಲ್ಲಿರುವವನ ಬ್ಯಾಂಕ್ ಖಾತೆಗೆ ಆಹಾರದ ಖರ್ಚೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಆ ಆರು ತಿಂಗಳು ಅವನಿಗೆ ಗಲ್ಲಾದಲ್ಲೋ ಸ್ಟೋರಿನಲ್ಲೋ ಹಗುರ ಕೆಲಸ ಕೊಡುವುದು ನಮ್ಮ ಕೈಯಲ್ಲಿದೆ. ಸಂಘದವರು ವೀಸಾ ಬಂದ ಹುಡುಗರನ್ನು ಮುಂದಿನ ಸಭೆಗೆ ಕರೆದು, ಹೋಗುವ ದೇಶದ ನಿಯಮವನ್ನು ಬಲ್ಲ ಡಾಕ್ಟರೊಬ್ಬರಿಂದ ಅರ್ಧ ಗಂಟೆ ಹೇಳಿಸಲಿ. ಚಾ ತಿಂಡಿಯ ಖರ್ಚು ನಮ್ಮದು.